ಕೈಪಂಪಿನೊಳಗಿನ ಹಳದಿ ಗಾರೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ಊರಿಗಿದ್ದ ಒಂದೇ ಕೈಪಂಪಿನ ಕೊಳವೆಯೊಳಗೆ ಮೂರು ದಿನದ ಹಿಂದೆ ಯಾರೋ ಗಾರೆ ಸುರಿದು ಮುಚ್ಚಿದ್ದರು. ದೂರು ಕೊಟ್ಟವರು ಊರಿನವರಲ್ಲ. ಅಲ್ಲಿನವರ ಮೂಳೆ, ಕೀಲು, ಹಲ್ಲಿನ ಕಾಯಿಲೆಯನ್ನು ಅಧ್ಯಯನ ಮಾಡುತ್ತಿದ್ದ ಪ್ರೊಫೆಸರ್.

“ನೀರು ಕುಡಿಯೋರೇ ಸುಮ್ನಿದ್ದಾರೆ. ನಿಮಗ್ಯಾಕೆ ಇಷ್ಟು ಉರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದು ಮಕ್ಕಳ ಜೀನ್‌ಗಳ ಕೆಲಸಾನ ಹೇಗೆ ಬದಲಾಯಿಸತ್ತೆ ಅಂತ ನೋಡ್ತಿದ್ವಿ. ಆರು ತಿಂಗಳು ಬಿಟ್ಟು ಎರಡನೇ ಸಲ ರಕ್ತ ತೆಗೀಬೇಕಿತ್ತು. ಈಗ ಎಲ್ಲರೂ ಟ್ಯಾಂಕರ್ ನೀರು ಕುಡೀತಿದ್ದಾರೆ. ನಮ್ಮ ಕೆಲಸ ಮಣ್ಣುಪಾಲಾಯ್ತು.”

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೋಗಿ ಅಂಗಡಿಯವನನ್ನೂ ಶಾಲೆಯ ಮೇಷ್ಟ್ರನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುಮಾಡಿದರು. ಕಂದು ಹಲ್ಲಿನ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

“ಟ್ಯಾಂಕರ್ ಬಾಗಿಲಿಗೇ ಬರ್ತಿದೆ ಸಾಹೇಬ್ರೇ. ಕಳ್ಳ ಸಿಕ್ಕಿದ್ರೆ ನಮಗೂ ಹೇಳಿ, ಊಟಕ್ಕೆ ಕರೀತೀವಿ.”

ಪಂಪಿನ ತಲೆಯ ಬೋಲ್ಟುಗಳನ್ನು ಬಿಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಅಚ್ಚುಕಟ್ಟಾಗಿ ಬಿಗಿಯಲಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಅವನ್ನು ಮತ್ತೆ ಬಿಚ್ಚಿ, ಒಳಗಿನ ಹಳದಿ ಗಾರೆಯನ್ನು ಕೆರೆದು ನೋಡಿದ.

“ಸಾರ್, ಇದು ಸಿಮೆಂಟಲ್ಲ. ನಂಗೆ ಹಲ್ಲು ಕಟ್ಟೋವಾಗ ಡಾಕ್ಟ್ರು ಅಚ್ಚು ಹೊಯ್ದಿದ್ದು ಇದರಲ್ಲೇ. ಹಲ್ಲಿನ ಸೆಟ್ಟು ತೆಗೆದು ತೋರಿಸ್ಲಾ?”

“ಬೇಡಪ್ಪಾ, ನಂಬಿದೆ.”

ಅಲ್ಲಿಂದ ಇಬ್ಬರೂ ಪ್ರೊಫೆಸರರ ಅಧ್ಯಯನ ಕೇಂದ್ರಕ್ಕೆ ಹೋದರು. ಅದು ಮೂರು ಕೋಣೆಯ ಬಾಡಿಗೆ ಮನೆ. ಕಿಟಕಿಯ ಕೆಳಗೆ ಮಕ್ಕಳ ಹಲ್ಲಿನ ಅಚ್ಚುಗಳು ಸಾಲಾಗಿದ್ದವು, ಅದೇ ಹಳದಿ. ಅಚ್ಚಿನ ಪುಡಿಯ ಕಪಾಟಿಗೆ ಎರಡು ಬೀಗದ ಕೈ. ಒಂದು ಅಧ್ಯಯನ ತಂಡದ ಹಲ್ಲಿನ ಡಾಕ್ಟರ ಬಳಿ. ಅವರು ತಂಗಿಯ ಮದುವೆಗೆಂದು ಪಂಪು ಮುಚ್ಚುವ ಮೊದಲೇ ತಮ್ಮೂರಿಗೆ ಹೋಗಿದ್ದರು. ಇನ್ನೊಂದು, ಪ್ರೊಫೆಸರರ ಕೈಕೆಳಗೆ ಪಿಎಚ್‌ಡಿ ಮಾಡುತ್ತಾ ಜೀನ್ ಪರೀಕ್ಷೆ ನಡೆಸುವ ಸಂಶೋಧಕಿಯ ಬಳಿ. ಊರಿನವರು ಆಕೆಯನ್ನು ರಕ್ತದಕ್ಕ ಎನ್ನುತ್ತಿದ್ದರು. ಆಕೆಯ ಬೆರಳ ಗಿಣ್ಣುಗಳು ತರಚಿದ್ದವು.

“ಪಂಪು ಬಿಚ್ಚಿದ್ದು ನೀವಾ?”

“ಹೌದು.”

“ಸಿಮೆಂಟ್ ಯಾಕೆ ಹಾಕ್ಲಿಲ್ಲ?”

“ಪೂರ್ತಿ ಹಾಳಾಗತ್ತೆ. ಇದನ್ನಾದ್ರೆ ಒಡೆದು ತೆಗೀಬಹುದು. ಫ್ಲೋರೈಡ್ ತೆಗೆಯೋ ಫಿಲ್ಟರ್ ಕೂರಿಸಿದ ಮೇಲೆ ಅದೇ ಪಂಪು ಬೇಕಲ್ಲ.”

ಹಾಳುಮಾಡುವವರು ರಿಪೇರಿಯ ಯೋಚನೆಯನ್ನೂ ಮಾಡಿದ್ದನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು.

ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರ್ ಸಿಡುಕಿದರು. “ಫಿಲ್ಟರ್ ಎರಡನೇ ರಕ್ತ ಆದ್ಮೇಲೆ ಅಂತ ಹೇಳಿರ್ಲಿಲ್ವಾ ನಿಂಗೆ?”

“ಮೊದಲನೇ ರಕ್ತದಲ್ಲೇ ಕಂಡಿದೆ ಸಾರ್. ಚಿಕ್ಕ ಮಕ್ಕಳು. ಕಾಲು ನೆಟ್ಟಗಿದೆ, ಎಕ್ಸ್‌ರೇನೂ ಸರಿಯಾಗಿದೆ. ಆದ್ರೆ ಮೂಳೆ ಕಟ್ಟೋ ಜೀನ್‌ಗಳು ಆಗಲೇ ಹದ ತಪ್ಪಿವೆ. ಬೆನ್ನು ಬಗ್ಗಿರೋ ಅವರ ಅಜ್ಜಂದಿರಲ್ಲಿ ಕಂಡಿದ್ದೇ ಇವರಲ್ಲೂ ಕಾಣ್ತಿದೆ.”

“ಹಾಗಂದ್ರೆ?” ಇನ್ಸ್‌ಪೆಕ್ಟರ್ ಕೇಳಿದರು.

“ನೋವು ಇನ್ನೂ ಬಂದಿಲ್ಲ. ಹೊರಟಿದೆ.”

“ಊರಿನವರಿಗೆ ಹೇಳಬಹುದಿತ್ತು.”

“ಹೇಳಿದೆ. ಬೇರೆ ನೀರು ಎಲ್ಲಿದೆಯಮ್ಮಾ ಅಂದ್ರು. ನೀರಿನ ಆಫೀಸಿಗೂ ಹೋದೆ. ಪಂಪು ಕೆಟ್ಟರೆ ಮಾತ್ರ ಟ್ಯಾಂಕರ್ ಅಂದ್ರು.”

ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದಕ್ಕಾಗಿ ಅಂದು ಮಧ್ಯಾಹ್ನ ಆಕೆಯನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಯಾರೂ ಹೇಳದೆಯೇ ಆಕೆಗೆ ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟ. ಆಕೆ ಹೇಳಿಕೆಯನ್ನು ಪೂರ್ತಿ ಓದಿ, ಎರಡು ಕಡೆ ತಿದ್ದಿಸಿ, ಸಹಿ ಹಾಕಿದಳು.

“ಇದರಲ್ಲಿ ನಿಮ್ಮ ಪಿಎಚ್‌ಡಿನೂ ಹೋಯ್ತಲ್ಲ?” ಇನ್ಸ್‌ಪೆಕ್ಟರ್ ಕೇಳಿದರು. “ಎರಡನೇ ರಕ್ತದ ಫಲಿತಾಂಶ ಕೆಟ್ಟುಹೋಗತ್ತೆ.”

“ಕೆಡ್ಲೇಬೇಕು ಸಾರ್. ಕೆಡದಿದ್ರೆ ಮಕ್ಕಳು ಇನ್ನೂ ಅದನ್ನೇ ಕುಡೀತಿದ್ದಾರೆ ಅಂತರ್ಥ.”

ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ವರದಿಯನ್ನು ಇನ್ಸ್‌ಪೆಕ್ಟರ್ ಯಾರಿಗೂ ಬಿಡದೆ ತಾವೇ ಬರೆದರು. ಕೃತ್ಯದ ಉದ್ದೇಶ ಎಂಬ ಸಾಲಿಗೆ ಬಂದರು. ದ್ವೇಷವಿರಲಿಲ್ಲ, ಲಾಭವೂ ಇರಲಿಲ್ಲ. ಕೊನೆಗೆ ಒಂದೇ ಸಾಲು ಬರೆದರು: ‘ಆರೋಪಿಯು ತಾವು ಕಂಡುಹಿಡಿದದ್ದನ್ನು ನಂಬಿದ್ದರು.’