ಬಣ್ಣ ಬರದ ಮರಿ

"ಒಲೆ ಕೆಳಗಿನ ಹಾವನ್ನ ಮುಟ್ಟಬೇಡ ಕಣೋ. ಅವಳು ಈ ಮನೆಯೊಡತಿ," ಎಂದಳು ಪಕ್ಕದ ಮನೆಯ ಮುದುಕಿ ಹೆಡ್ವಿಗಾ. "ನಮ್ಮಜ್ಜಿ ಕಾಲದಿಂದ ಹಾಲಿಟ್ಟು ಸಾಕಿರೋಳು."

"ಅಯ್ಯೋ ಪಾಪ, ಒಡತಿಗೆ ಇನ್ನೂ ಗಂಡು ಸಿಕ್ಕಿಲ್ವಾ? ನಾನು ನೋಡ್ತೀನಿ ಬಿಡಜ್ಜಿ," ಎಂದು ಟಿಬೋರ್ ಹಲ್ಲು ಕಿರಿದ.

ಬ್ರಾಟಿಸ್ಲಾವಾ ನಗರದಿಂದ ಬಂದು ಆ ಹಳೇ ಮನೆ ಕೊಂಡವನ ಕಸುಬೇ ಅಪರೂಪದ ಬಣ್ಣದ ಹಾವಿನ ಮರಿ ಮಾಡಿಸಿ ಮಾರುವುದು. ಕೆಂಪುಗಣ್ಣಿನ ಬಿಳಿ ಹಾವು ಸಿಕ್ಕರೆ ಬಿಡುವ ಆಸಾಮಿಯೇ ಅಲ್ಲ. ಹಿಡಿದು ನೆಲಮಾಳಿಗೆಯ ಪ್ಲಾಸ್ಟಿಕ್ ಪೆಟ್ಟಿಗೆಗೆ ತುರುಕಿದ, ತನ್ನ ಗಂಡುಹಾವನ್ನು ಜೊತೆಗೆ ಬಿಟ್ಟ. ಮೂರು ಮೊಟ್ಟೆಯಿಟ್ಟು ಅವಳು ಸತ್ತಳು.

ಹೆಡ್ವಿಗಾ ಹಾವಿನ ಹೆಣ ಕೇಳಿಕೊಂಡು ಬಂದಳು. ನೆಲಮಾಳಿಗೆಯ ತುಂಬ ಒದ್ದೆ ಮರದಹೊಟ್ಟಿನ, ಇಲಿ ಉಚ್ಚೆಯ ನಾತ. ಸತ್ತವಳನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ಆಮೇಲೆ ಮೊಟ್ಟೆಗಳ ಮೇಲೆ ಬಗ್ಗಿ, ಒಂದೊಂದಕ್ಕೂ ಉಸಿರೂದಿ ಪಿಸುಗುಟ್ಟಿದಳು.

"ನಿಮ್ಮನೇಲಿ ಮೂರು ಜೀವ. ಒಂದೊಂದು ಮೊಟ್ಟೆಗೂ ಒಬ್ಬೊಬ್ಬರ ಹೆಸರು ಕಟ್ಟಿದೀನಿ. ಮರಿ ಹೋದ್ರೆ ಆ ಹೆಸರಿನ ಆಳೂ ಹೋದ ಹಾಗೇ."

ಮೆಟ್ಟಿಲಲ್ಲಿ ನಿಂತಿದ್ದ ಹೆಂಡತಿ ಲುಬಿತ್ಸಾ ಮಗಳನ್ನು ಅವಚಿಕೊಂಡಳು. "ಮೊಟ್ಟೆ ಅವರಿಗೇ ಕೊಟ್ಬಿಡೋ..."

"ಸುಮ್ನಿರೇ. ಅಜ್ಜಿ, ಚೆಂದದ್ದು ನಂಗೇ ಕಟ್ಟಿದೀಯ ತಾನೇ?"

ಮುದುಕಿ ಸತ್ತವಳನ್ನು ಮಡಿಲಲ್ಲೇ ಹೊತ್ತು ಮೆಟ್ಟಿಲು ಹತ್ತಿದಳು.

ಮೊಟ್ಟೆ ಒಡೆದವು. ಎರಡು ಮರಿ ಅಚ್ಚ ಬಿಳಿ. ಮೂರನೆಯದು ಹೊಲದ ಬದುವಿನಲ್ಲಿ ಕಾಣುವಂಥ ಮಾಮೂಲಿ ಕಂದು. ಟಿಬೋರ್ ಮುಖ ಸಿಂಡರಿಸಿದ. ಬಣ್ಣ ಬರದ ಮರಿಗಳನ್ನು ಹೊಲಕ್ಕೆ ಬಿಡುತ್ತೇನೆಂದು ಹೆಂಡತಿಗೆ ಹೇಳುತ್ತಿದ್ದ. ಶುದ್ಧ ಸುಳ್ಳು. ಎಂದಿನಂತೆ ಇದನ್ನೂ ತಗಡಿನ ಡಬ್ಬಿಗೆ ಹಾಕಿ, ಫ್ರೀಜರಿನಲ್ಲಿ ಹಾವುಗಳ ಆಹಾರಕ್ಕೆಂದು ಇಟ್ಟ ಸತ್ತ ಇಲಿಗಳ ಪಕ್ಕಕ್ಕೆ ತಳ್ಳಿದ.

ಕಾಫಿ ಕುಡಿಯಲು ಮೇಲೆ ಬಂದ. ಜುಲೈ ತಿಂಗಳ ಉರಿಬಿಸಿಲ ಮಧ್ಯಾಹ್ನ. ಬಟ್ಟಲು ಕೈಯಿಂದ ಜಾರಿತು. ಬೆರಳು ಮಡಚಲಿಲ್ಲ. ಉಗುರೆಲ್ಲ ನೀಲಿ. ಉಸಿರು ಹೊಗೆಯಾಡಿತು. ಮೂಗಿಗೆ ಹೆಪ್ಪುಗಟ್ಟಿದ ಇಲಿಯ ವಾಸನೆ ಅಡರಿತು.

ಕಂದು ಮರಿ ಯಾರ ಹೆಸರಿನದೆಂದು ಆಗ ತಿಳಿಯಿತು.

ತೆವಳಿದ. ಮೆಟ್ಟಿಲುಗಳಿಂದ ಉರುಳಿದ. ಕತ್ತಲು. ಮೊಣಕೈಯಿಂದ ಫ್ರೀಜರಿನ ಬಾಗಿಲು ಎಳೆದ. ಡಬ್ಬಿಯೊಳಗೆ ಸಣ್ಣಗೆ ಸರಸರ ಸದ್ದು. ಬದುಕಿದೆ! ಇನ್ನೂ ಬದುಕಿದೆ! ಕೈ ಚಾಚಲು ನೋಡಿದ. ಕೈ ಏಳಲಿಲ್ಲ.

"ಅಯ್ಯೋ ದೇವರೇ, ಏನಾಯ್ತೋ ನಿಂಗೆ!" ಲುಬಿತ್ಸಾ ಓಡಿ ಬಂದಳು.

ಡಬ್ಬಿಯತ್ತ ಕಣ್ಣು ಹೊರಳಿಸಿದ. ತೆಗಿ, ಅದನ್ನು ಹೊರಗೆ ತೆಗಿ ಎನ್ನಬೇಕು. ದವಡೆ ಮರಗಟ್ಟಿತ್ತು.

"ಹೆದರ್ಬೇಡ, ಡಾಕ್ಟರಿಗೆ ಫೋನ್ ಮಾಡ್ತೀನಿ. ಮೈಯೆಲ್ಲ ಕೊರೀತಾ ಇದೆ, ಇದರ ಮುಂದೆ ಬಂದು ಬಿದ್ಕೊಂಡಿದೀಯಲ್ಲ!"

ಗಂಡನಿಗೆ ಇನ್ನಷ್ಟು ಥಂಡಿ ತಾಗದಿರಲೆಂದು, ಅವಳು ಫ್ರೀಜರಿನ ಬಾಗಿಲನ್ನು ಗಟ್ಟಿಯಾಗಿ ಒತ್ತಿ ಮುಚ್ಚಿದಳು.