ಮಡಚಿಟ್ಟರೂ ಇಳಿಯದ ಭಾರ

"ನನ್ನ ಕುರ್ಚಿಯಿಂದ ಏಳಿ! ಏನ್ ಮಾಡಿದ್ರಿ ನೀವು?"

ವಿಷ ಸಹಾಯವಾಣಿಯ ಕೋಣೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಅವಳ ಕಂಪ್ಯೂಟರ್ ಮುಂದೆ ಕೂತಿದ್ದವನು ಅವನೇ! ಕಂಪ್ಯೂಟರ್ ರಿಪೇರಿಯವನು... ಹೋದ ತಿಂಗಳು "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದವನು. ಉತ್ತರ ಕೊಡದೆ ಎದ್ದು ಹೋಗಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

"ನಿಮ್ಮ ವಿಕಿ ಪುಟ ತುಂಬಾ ನಿಧಾನ ಅಂತ ನೀವೇ ದೂರು ಕೊಟ್ಟಿದ್ರಲ್ಲ ಮೇಡಂ. ಮಡಚಿಟ್ಟಿದ್ದನ್ನೆಲ್ಲ ಆ ಪುಟದಿಂದ ತೆಗೆದೆ."

ತೆಗೆದನೇ?! ಅಂದರೆ ಎಲ್ಲ ಅಳಿಸಿಬಿಟ್ಟನೇ?

ಮನೆಯಲ್ಲಿ ಯಾರೋ ವಿಷ ಕುಡಿದರೆಂದು ಗಾಬರಿಯಲ್ಲಿ ಫೋನ್ ಮಾಡುವವರು ಬಾಟಲಿಯ ಹೆಸರು ಹೇಳುವುದಿಲ್ಲ. ಮುಚ್ಚಳದ ಬಣ್ಣ, ವಾಸನೆ ಹೇಳುತ್ತಾರೆ. ಹಾಗೆಯೇ ಹುಡುಕಲು ಬರುವಂತೆ ಅವಳು ವರ್ಷಗಟ್ಟಲೆ ಕೂತು ಸಾವಿರಾರು ಬಾಟಲಿಗಳ ಸ್ವಂತ ವಿಕಿ, ಅಂದರೆ ಮಾಹಿತಿಕೋಶ, ಕಟ್ಟಿದ್ದಳು. ಭಾರ ಇಳಿಯಲೆಂದು ಎಲ್ಲ ವಿವರವನ್ನೂ ಒತ್ತಿದರೆ ಮಾತ್ರ ಕಾಣುವಂತೆ ಮಡಚಿ ಮರೆಮಾಡಿದ್ದಳು. ಪುಟ ಮಾತ್ರ ತೆವಳುತ್ತಲೇ ಇತ್ತು.

ಈ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ! "ನನ್ನ ಮೇಲಿನ ಕೋಪ ಇದರ ಮೇಲೆ ತೀರಿಸ್ಕೊಂಡ್ರಾ?"

ಅವನು ಕುರ್ಚಿ ಬಿಟ್ಟು ಬಾಗಿಲ ಬಳಿಗೆ ಸರಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಅಕ್ಕಾ, ನನ್ನ ಮಗಳು ಏನೋ ಕುಡಿದುಬಿಟ್ಲು! ನೀಲಿ ಮುಚ್ಚಳ... ನಿಂಬೆ ವಾಸನೆ... ಲೇಬಲ್ ಹರಿದಿದೆ!"

'ದೇವರೇ, ಅದೊಂದಾದರೂ ಉಳಿದಿರಲಿ...' ಕುರ್ಚಿಯಲ್ಲಿ ಕೂತು ಹುಡುಕಿದಳು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು! ನೀಲಿ ಮುಚ್ಚಳದ ಸಾಲು ಒತ್ತಿದಳು. ವಿವರ, ಚಿತ್ರ, ಎಲ್ಲವೂ ಇತ್ತು.

"ವಾಂತಿ ಮಾಡಿಸಬೇಡಿ ಅಮ್ಮ. ಬಾಟಲಿ ಸಮೇತ ಈಗ್ಲೇ ಆಸ್ಪತ್ರೆಗೆ ಹೊರಡಿ. ಇದು ಏನಂತ ಅಲ್ಲಿನ ಡಾಕ್ಟರಿಗೆ ನಾನೇ ಹೇಳ್ತೀನಿ."

ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಮಗು ಪಾರಾಗಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅವನು ಇನ್ನೂ ಬಾಗಿಲ ಬಳಿಯೇ ನಿಂತಿದ್ದ.

"ಅಳಿಸಿರಲಿಲ್ವಾ?" ತಲೆಯೆತ್ತಿ ಕೇಳಿದಳು.

"ನಿಮ್ಮ ಶ್ರಮ ಅಳಿಸ್ತೀನಾ? ಮಡಚಿಟ್ರೆ ಕಣ್ಣಿಗೆ ಕಾಣಲ್ಲ, ಅಷ್ಟೇ. ತೆರೆದಾಗೆಲ್ಲ ಪುಟ ಅಷ್ಟನ್ನೂ ಹೊತ್ಕೊಂಡೇ ಬರ್ತಿತ್ತು. ಈಗ ಒಂದೊಂದು ಬಾಟಲಿ ವಿವರನೂ ಬೇರೆ ಬೇರೆ ಪುಟದಲ್ಲಿ ಇಟ್ಟಿದೀನಿ. ಒತ್ತಿದ್ದು ಮಾತ್ರ ಬರುತ್ತೆ."

ಅವಳು ಅವನತ್ತ ತಿರುಗಿದಳು. ತಾನೂ ಹಾಗೇ ತಾನೆ ಮಾಡಿದ್ದು? ಇವನೆಂದರೆ ಪ್ರಾಣ, ನಾಳೆ ಇವನ ಮನಸ್ಸು ಬದಲಾದರೆ ತಡೆದುಕೊಳ್ಳಲಾರೆನೆಂದು ಹೆದರಿ ಆ ಪ್ರೀತಿಯನ್ನು ಮಡಚಿಟ್ಟಿದ್ದಳು, ಭಾರ ಮಾತ್ರ ಇಳಿದಿರಲಿಲ್ಲ.

"ನಾನು ಬರ್ತೀನಿ ಮೇಡಂ."

"ನಿಲ್ಲಿ! ತಪ್ಪಾಯ್ತು... ಅವತ್ತು ಏನೋ ಕೇಳಿದ್ರಲ್ಲ..."

"ಏನು?"

"ನಾಟಕ ಬೇಡ... ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ! ಮೇಡಂ ಅನ್ನೋದು ಬಿಟ್ಟು, ಬಂದು ನಮ್ಮಮ್ಮನ ಹತ್ರ ಮಾತಾಡಿ."

ಅವನ ಕಣ್ಣು ತುಂಬಿತು. "ಈಗ್ಲೇ?"

"ಡ್ಯೂಟಿ ಮುಗೀಲಿ!" ಅಳುವಿನ ನಡುವೆಯೇ ನಕ್ಕು, ಅವನ ಕೈ ಹಿಡಿದು ತನ್ನ ಕುರ್ಚಿಯಲ್ಲೇ ಕೂರಿಸಿದಳು. "ಅಲ್ಲಿವರೆಗೂ ಏಳ್ಬೇಡಿ."