ಕೆಡದ ವಾಚಿನ ರಿಪೇರಿ

ಡ್ರಾಯಿಂಗ್ ಮೇಷ್ಟ್ರು ಅವಳ ಅಪ್ಪನ ಗಡಿಯಾರದಂಗಡಿಯಿಂದ ಹೊರಗೆ ಬಂದರು. ಅವರ ಕೈಯಲ್ಲಿದ್ದ ರಿಪೇರಿ ಚೀಟಿ ನೋಡಿ, ಮೆಟ್ಟಿಲ ಬಳಿ ಕಾಯುತ್ತಿದ್ದ ಅವಳಿಗೆ ಮೈಯೆಲ್ಲ ಉರಿಯಿತು.

"ಮತ್ತೆ?"

"ಮತ್ತೆ," ಎಂದರು ಮೇಷ್ಟ್ರು, ನೆಲ ನೋಡುತ್ತ. "ಬಾಯಿ ತೆಗೆದೆ. ನಿಮ್ಮಪ್ಪ ತಲೆ ಎತ್ತಿದ್ರು. ಕೈ ತಾನಾಗೇ ವಾಚ್ ಬಿಚ್ಚಿ ಕೊಟ್ಟುಬಿಡ್ತು."

ಇದು ನಾಲ್ಕನೆಯದು. ಮೊದಲು ಅವರದು, ಆಮೇಲೆ ಅವರ ಅಣ್ಣನದು, ಚಿಕ್ಕಪ್ಪನದು, ಇವತ್ತು ಭಾವನದು. ಒಂದು ಅಂಗಡಿ ಸೇರಿದ ಮೇಲೆ ಇನ್ನೊಂದನ್ನು ಕೇಳಿ ತಂದು ಕಟ್ಟಿಕೊಳ್ಳುತ್ತಿದ್ದರು. ಒಂದೂ ಕೆಟ್ಟಿರಲಿಲ್ಲ.

"ಹೆಣ್ಣು ಕೇಳೋಕೆ ಹೋಗಿ ಚೀಟಿ ಹಿಡ್ಕೊಂಡು ಬರ್ತೀರಲ್ಲ! ಸಂಜೆ ಅಪ್ಪ ಕನ್ನಡಕದಂಗಡಿಯವರ ಮಗನಿಗೆ ನನ್ನನ್ನ ಕೊಡ್ತೀನಿ ಅಂತ ಮಾತು ಕೊಡ್ತಾರೆ, ಗೊತ್ತು ತಾನೆ?"

"ಗೊತ್ತು."

"ಗೊತ್ತಂತೆ!"

ಮೇಷ್ಟ್ರು ಮೆಲ್ಲಗೆ ಕಣ್ಣೆತ್ತಿ ನೋಡಿದರು. ಆ ನೋಟಕ್ಕೇ ಅವಳು ಎರಡು ವರ್ಷದಿಂದ ಕರಗುತ್ತ ಬಂದದ್ದು. ಇವತ್ತು ಕರಗಲಿಕ್ಕೂ ಪುರುಸೊತ್ತಿರಲಿಲ್ಲ.

"ಹಾಗೆಲ್ಲ ನೋಡ್ಬೇಡಿ. ಧೈರ್ಯ ಅನ್ನೋದೇ ಇಲ್ವಾ ನಿಮಗೆ?"

"ನಿಮಗಿದೆಯಾ?"

ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಆರು ವರ್ಷದಿಂದ ಅಪ್ಪನ ಪಕ್ಕದ ಸ್ಟೂಲಿನಲ್ಲೇ ಕೂತು ವಾಚಿಗೆ ಬೆಲ್ಟ್ ಹಾಕುವವಳು ಅವಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿರುವಾಗ ಅಪ್ಪನನ್ನು ಯಾರೂ ಮಾತಾಡಿಸಬಾರದು ಎಂಬುದು ಅಂಗಡಿಯ ಕಾನೂನು. ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದು, ಪ್ರತಿ ಸಲವೂ ಈ ಪಾಪದ ಮನುಷ್ಯನನ್ನು ಒಬ್ಬನೇ ಒಳಗೆ ತಳ್ಳಿ, ತಾನು ಎದ್ದು ಬಂದು ಹೊರಗೆ ಮೆಟ್ಟಿಲ ಬಳಿ ನಿಂತಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಜ್ಜಿ ಬೈಬಲಿನಿಂದ ಹೇಳುತ್ತಿದ್ದ ಎಸ್ತೇರ್ ರಾಣಿಯ ಕಥೆ ನೆನಪಾಯಿತು. ಕರೆಯದೆ ರಾಜನ ಎದುರು ಹೋದವರ ತಲೆ ಹೋಗುತ್ತಿತ್ತು. ತನ್ನ ಜನರನ್ನು ಉಳಿಸಲು ಎಸ್ತೇರ್ ಹೋದಳು.

"ಅವಳಿಗೆ ಹೆದರಿಕೆ ಆಗ್ಲಿಲ್ವಾ ಅಜ್ಜಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದಳು.

"ಆಗದೆ ಏನು? ಮೂರು ದಿನ ಅನ್ನನೀರು ಬಿಟ್ಟು ಕೂತಿದ್ಲು. ಕೇಳೋದು ನ್ಯಾಯ ಅಂತ ಮನಸ್ಸಿಗೆ ಗಟ್ಟಿಯಾದ ಮೇಲೆ ಎದ್ದು ಹೋದ್ಲು."

ತಾನು ಕೇಳುವುದೂ ನ್ಯಾಯವೇ. ಅವಳು ಬಾಗಿಲು ತಳ್ಳಿದಳು. ಅಪ್ಪನ ಕಣ್ಣಲ್ಲಿ ಭೂತಗನ್ನಡಿ ಇತ್ತು. ಆದರೂ ನೇರ ಹೋಗಿ ಅವರ ಎದುರು ನಿಂತಳು.

"ಅಪ್ಪಾ, ನಾನು ಡ್ರಾಯಿಂಗ್ ಮೇಷ್ಟ್ರನ್ನೇ ಮದುವೆ ಆಗೋದು. ಸಂಜೆ ಮಾತು ಕೊಡ್ಬೇಡಿ."

ಅಪ್ಪ ಚಿಮಟ ಕೆಳಗಿಟ್ಟರು. ಭೂತಗನ್ನಡಿಯನ್ನೂ ತೆಗೆದಿಟ್ಟರು.

"ಕೆಡದ ವಾಚು ತಂದ್ಕೊಡ್ತಾನಲ್ಲ, ಆ ಪುಕ್ಕಲನಾ?"

"ಹೌದು. ನಾನೂ ಅಷ್ಟೇ ಪುಕ್ಕಲಿ. ಅದಕ್ಕೇ ಇಷ್ಟು ದಿನ ಹಿಡೀತು."

"ಪುಕ್ಕಲಿ ಆಗಿದ್ರೆ ಈಗ ಬಂದು ಮಾತಾಡ್ತಿರ್ಲಿಲ್ಲ ಮಗಳೇ. ಸಂಜೆಯ ಮಾತು ಬಿಡು. ಅವನೂ ಬಂದು ಬಾಯಿಬಿಟ್ಟು ಕೇಳ್ಲಿ, ಆಮೇಲೆ ನೋಡೋಣ."

ಕರೆಯಲು ತಿರುಗಿದರೆ ಮೇಷ್ಟ್ರು ಆಗಲೇ ಹೊಸ್ತಿಲು ದಾಟಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಾವಾ, ನಿಮ್ಮ ಮಗಳನ್ನ ನನಗೆ ಕೊಡಿ!" ಎಂದು ಎದುರು ಬೇಕರಿಗೂ ಕೇಳುವಂತೆ ಕೂಗಿಬಿಟ್ಟರು.

"ಮೆಲ್ಲಗಪ್ಪಾ," ಎಂದರು ಅಪ್ಪ. "ಮಾವ ಅಂತ ಕರೆದೂ ಆಯ್ತು. ಇನ್ನು ಕೊಡದೆ ಏನ್ಮಾಡ್ಲಿ?"

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ಇದನ್ನ ಮೊದಲನೇ ದಿನಾನೇ ಹೇಳೋಕೆ ಏನಾಗಿತ್ತು ನಿಮಗೆ?"

"ಮೊದಲನೇ ದಿನ," ಎಂದರು ಮೇಷ್ಟ್ರು, "ನೀವು ಜೊತೆಗಿರ್ಲಿಲ್ಲವಲ್ಲ."